ಎರಡು ಬೆರಳು ಬಿಟ್ಟು

ಸಡಿಲ ಮಾಸ್ಟರು ಹೊಲಿದ ಪ್ಯಾಂಟು ಹಾಕಿಕೊಂಡು ಹೊರಟ ಅಂಚೆಯವನೊಬ್ಬ ಬೀದಿಯ ತುದಿಯಲ್ಲಿ ಬಲಕ್ಕೆ ತಿರುಗಿದನಂತೆ. ಪ್ಯಾಂಟು ಮಾತ್ರ ನೇರ ಹೋಗಿ, ಒಳಗೆ ಯಾರೂ ಇಲ್ಲವೆಂದು ಗೊತ್ತಾದ ಮೇಲೆ ವಾಪಸು ಬಂತಂತೆ. ಇದನ್ನು ಊರಿಗೆಲ್ಲ ಹೇಳಿದವನು ಪಕ್ಕದ ಅಂಗಡಿಯ ಬೀಗದವನು. ಕಳೆದುಹೋದ ಕೀಲಿಕೈಗೆ ಜೋಡಿ ಮಾಡಿಕೊಡುವುದು ಅವನ ಕಸುಬು. ಇದ್ದವರ ಮಾನ ಕಳೆಯುವುದು ಹವ್ಯಾಸ. ಅವನ ಮಾತಿನಲ್ಲಿ ಅರ್ಧ ಸುಳ್ಳೆಂದು ತೆಗೆದರೂ ಉಳಿದರ್ಧ ನಿಜ ಅಂತೇನಿಲ್ಲ. ಆದರೆ ಪ್ಯಾಂಟು ಸಡಿಲವಾಗಿದ್ದದ್ದು ನಿಜ.

ಮಾಸ್ಟರಿಗೆ ಆ ಅಡ್ಡಹೆಸರಿನ ಬಗ್ಗೆ ಬೇಸರವಿರಲಿಲ್ಲ. ಕತ್ತರಿ ಹಿಡಿಯಲು ಕಲಿಸಿದ ಅಪ್ಪ ಅವರಿಗೆ ಹೇಳಿಕೊಟ್ಟದ್ದು ಒಂದೇ ಸೂತ್ರ. "ಮೈಯಳತೆ ತಗೊಂಡ್ಮೇಲೆ ಎರಡು ಬೆರಳು ಬಿಟ್ಟು ಹೊಲಿ ಮಗಾ. ಮನುಷ್ಯ ಅಂದ್ಮೇಲೆ ಉಣ್ತಾನೆ, ಕೂರ್ತಾನೆ, ಕೆಮ್ತಾನೆ, ಅಳ್ತಾನೆ. ಎಲ್ಲದಕ್ಕೂ ಒಳಗೆ ಜಾಗ ಬೇಕು." ಮಾಸ್ಟರು ಮೂವತ್ತೆರಡು ವರ್ಷ ಅಂಗಿಗೂ ಎರಡು ಬೆರಳು, ಕೋಟಿಗೂ ಎರಡು ಬೆರಳು, ಒಮ್ಮೆ ಯಾರೋ ತಂದ ಕೊಡೆಯ ಚೀಲಕ್ಕೂ ಎರಡು ಬೆರಳು ಬಿಟ್ಟು ಹೊಲಿದಿದ್ದರು. ಕೊಡೆ ಉಣ್ಣುವುದಿಲ್ಲ, ಅಳುವುದಿಲ್ಲ ಎಂದು ಬೀಗದವನು ವಾದಿಸಿದ್ದ. "ನಿಂಗೇನ್ ಗೊತ್ತು, ಮಳೆಗಾಲದಲ್ಲಿ ಕೇಳು ಅದನ್ನ" ಎಂದಿದ್ದರು ಮಾಸ್ಟರು.

ಕೆಳಗೆ ಅಂಗಡಿ, ಮೇಲೆ ಮನೆ, ಅದರ ಮೇಲೆ ತಾರಸಿ. ಅಂಗಡಿಯಲ್ಲಿ ಕಾಲಿನಿಂದ ತುಳಿಯುವ ಹಳೆಯ ಮಷೀನು, ಕತ್ತರಿಸುವ ಮೇಜು, ಗಿರಾಕಿ ಸ್ವಲ್ಪ ತೆಳ್ಳಗೆ ಕಾಣಲೆಂದು ಹಿಂದಕ್ಕೆ ವಾಲಿಸಿಟ್ಟ ಕನ್ನಡಿ. ಮಾಸ್ಟರ ಹೆಂಡತಿ ಆ ಮಷೀನನ್ನು 'ನನ್ನ ಸವತಿ' ಎಂದು ಕರೆಯುತ್ತಿದ್ದಳು. ಮದುವೆಯಾದ ಮೂರನೇ ದಿನ ಇಟ್ಟ ಹೆಸರು. ಬೆಳಿಗ್ಗೆ ಚಹಾ ಇಳಿಸಿಕೊಂಡು ಬಂದವಳು, "ರೀ, ನನ್ನ ಸವತಿಗೆ ಎಣ್ಣೆ ಹಾಕಿದ್ರಾ?" ಎಂದು ವಿಚಾರಿಸುತ್ತಿದ್ದಳು. "ಹಾಕಿದೆ ಕಣೇ. ಅವಳು ನಿನ್ನ ಹಾಗೆ ಕಿರುಗುಟ್ಟಲ್ಲ" ಎನ್ನುತ್ತಿದ್ದರು ಇವರು. ಗಂಡ ಹೆಂಡತಿಯ ದಿನದ ಮಾತುಕತೆ ಹೆಚ್ಚುಕಡಿಮೆ ಇಷ್ಟರಲ್ಲೇ ಮುಗಿಯುತ್ತಿತ್ತು. ಜಗಳವೇನಿರಲಿಲ್ಲ. ಒಬ್ಬರು ಮಷೀನಿನ ಮುಂದೆ, ಇನ್ನೊಬ್ಬರು ಒಲೆಯ ಮುಂದೆ. ನಡುವೆ ಹದಿನಾಲ್ಕು ಮೆಟ್ಟಿಲು.

ಐವತ್ತಾರನೇ ವಯಸ್ಸಿಗೆ ಅವಳ ಎದೆ ಹಿಡಿದುಕೊಂಡಿತು. ಆಸ್ಪತ್ರೆಯಲ್ಲಿ ರಕ್ತನಾಳದೊಳಗೆ ಎರಡು ಸ್ಟೆಂಟು ಕೂರಿಸಿದರು. ತೀರಾ ಸಣ್ಣ ಸ್ಪ್ರಿಂಗಿನಂಥದು ಎಂದು ಡಾಕ್ಟರು ಬಿಡಿಸಿ ಹೇಳಿದಾಗ ಅವಳು ಗಂಡನ ಕಡೆ ತಿರುಗಿ, "ನೋಡಿ, ನಾನೂ ಮಷೀನಾದೆ. ಇನ್ನಾದ್ರೂ ಗಮನ ಕೊಡಿ" ಎಂದಳು. ಡಾಕ್ಟರಿಗೆ ಅರ್ಥವಾಗಲಿಲ್ಲ. ಮಾಸ್ಟರಿಗೆ ಆಯಿತು.

ದಿನಾ ನಡೆಯಬೇಕು, ಒಬ್ಬಳೇ ಹೋಗಕೂಡದು, ನಡೆಯುವಾಗ ಎದೆಬಡಿತ ನಿಮಿಷಕ್ಕೆ ನೂರ ಹದಿನೈದು ದಾಟಕೂಡದು ಎಂದು ಅಪ್ಪಣೆಯಾಯಿತು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು ಬಡಿತ ಎಣಿಸುವ ಕೈಗಡಿಯಾರ ತಂದುಕೊಟ್ಟಳು. ಅದರ ಹೊಟ್ಟೆಯಲ್ಲಿ ಹಸಿರು ದೀಪ. ದೀಪ ಚರ್ಮದೊಳಗೆ ಇಣುಕಿ ರಕ್ತ ಎಷ್ಟು ಸಲ ಉಕ್ಕುತ್ತದೆಂದು ನೋಡಿ ಮುಖದ ಮೇಲೆ ಅಂಕಿ ಬರೆಯುತ್ತದೆ. ಅದನ್ನು ಕಟ್ಟುವ ಕ್ರಮ ಹೇಳಿಕೊಟ್ಟವರು ಆಸ್ಪತ್ರೆಯ ವ್ಯಾಯಾಮದ ಮೇಡಂ. ಒಳಗೆ ಹತ್ತು ಜನ ರೋಗಿಗಳು, ಬಾಗಿಲಲ್ಲಿ ಮತ್ತೆ ಹತ್ತು. ಮೇಡಂ ಅವಸರದಲ್ಲಿದ್ದರು.

"ಕಟ್ಟಿದ್ಮೇಲೆ ಎರಡು ನಿಮಿಷ ಕೂತು ಆಮೇಲೆ ನಡೀರಿ. ಕೈ ತಣ್ಣಗಿದ್ರೆ ಉಜ್ಕೊಳ್ಳಿ. ಅಂಕಿ ಮೇಲೆ ಅನುಮಾನ ಬಂದ್ರೆ ನಿಂತು, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ನೀವೇ ಎಣಿಸಿ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ. ನೂರ ಹದಿನೈದು ದಾಟ್ತಿದ್ರೆ ಗುಡ್ಡೆ ಗಿಡ್ಡೆ ಹತ್ಬೇಡಿ, ಇಲ್ಲಿಗೇ ಬನ್ನಿ. ನಮ್ಮ ವ್ಯಾಯಾಮದ ಹಾಲ್‌ನಲ್ಲಿ, ನಮ್ಮ ಕಣ್ಣೆದುರಿಗೆ ನಡೀಬೇಕು. ಜೊತೆಯವರು ಹೊರಗೆ." ಆಮೇಲೆ ತಮ್ಮ ಮಣಿಕಟ್ಟಿನ ಗಂಟುಮೂಳೆ ಮುಟ್ಟಿ ತೋರಿಸಿ, "ಎರಡು ಬೆರಳು ಬಿಟ್ಟು ಕಟ್ಟಿ" ಎಂದು ಹೇಳಿ ಮುಂದಿನವರನ್ನು ಕರೆದರು.

ಮಾಸ್ಟರಿಗೆ ಮೈ ಜುಮ್ಮೆಂದಿತು. ಮೂವತ್ತೆರಡು ವರ್ಷ ಬೀಗದವನಿಂದ ಉಗಿಸಿಕೊಂಡ ಸೂತ್ರವನ್ನು ಬಿಳಿ ಕೋಟಿನ ಮೇಡಂ ಒಬ್ಬರು ಆಸ್ಪತ್ರೆಯಲ್ಲಿ ನಿಂತು ಹೇಳುತ್ತಿದ್ದಾರೆ! ದಾರಿಯುದ್ದಕ್ಕೂ ಹಿಗ್ಗಿದರು. "ಓದಿದವರಿಗೆ ಗೊತ್ತಿರುತ್ತೆ ಕಣೇ. ಎದೆಗೂ ಎರಡು ಬೆರಳು ಜಾಗ ಬೇಕು." ಅವಳು, "ನಿಮ್ಮಪ್ಪ ಡಾಕ್ಟರಾಗಬೇಕಿತ್ತು ಬಿಡಿ" ಎಂದಳು.

ಗಡಿಯಾರದ ಜೊತೆ ಬಂದ ರಬ್ಬರು ಪಟ್ಟಿ ಅವಳ ಕೈಗೆ ಒಗ್ಗಲಿಲ್ಲ. ಕೆಂಪು ಗುಳ್ಳೆ ಎದ್ದವು. ಸರಿ, ಮಾಸ್ಟರು ತಾವೇ ಪಟ್ಟಿ ಹೊಲಿಯಲು ಕುಳಿತರು. ಯಾರದೋ ಕೋಟಿನ ಕಾಲರಿಗೆ ತಂದು ಉಳಿದಿದ್ದ ನೀಲಿ ಮಖಮಲ್ಲು, ಒಳಗೆ ಹತ್ತಿಯ ಅಸ್ತರಿ, ತುದಿಗೆ ಹುಕ್ಕು. ಟೇಪು ತೆಗೆಯುವ ಅಗತ್ಯವೇ ಇರಲಿಲ್ಲ. ಅವಳ ಮಣಿಕಟ್ಟು ಐದೂಕಾಲು ಇಂಚು. ಮದುವೆಯಲ್ಲಿ ಐದು ಇತ್ತು. ಅದರ ಮೇಲೆ ಎರಡು ಬೆರಳು ಬಿಟ್ಟರು. ಎಂದಾದರೂ ದೊಡ್ಡದು ಮಾಡಬೇಕಾದೀತೆಂದು ಒಳಗೆ ಒಂದಿಷ್ಟು ಬಟ್ಟೆ ಮಡಚಿಯೂ ಇಟ್ಟರು. ಕೆಲಸ ಎಷ್ಟು ಸೊಗಸಾಗಿತ್ತೆಂದರೆ, ಸ್ವತಃ ಬೀಗದವನು ಬಂದು ನೋಡಿ ಒಂದು ನಿಮಿಷ ಸುಮ್ಮನಿದ್ದ. ಅವನ ಜೀವಮಾನದಲ್ಲಿ ಅದು ದಾಖಲೆ.

ಮಾರನೆಯ ದಿನದಿಂದ ಬೆಳಿಗ್ಗೆ ಆರಕ್ಕೆ ಇಬ್ಬರೂ ನೀರಿನ ಟ್ಯಾಂಕಿನ ಗುಡ್ಡೆಗೆ ಹೊರಟರು. ಮೂರು ತಿರುವು, ಎರಡನೇ ತಿರುವಿನಲ್ಲಿ ಸಿಮೆಂಟಿನ ಬೆಂಚು, ತುದಿಯಲ್ಲಿ ಟ್ಯಾಂಕು. ಮಾಸ್ಟರ ಕಾಲಿಗೆ ಮೂವತ್ತೆರಡು ವರ್ಷದ ಪೆಡಲಿನ ತಾಳ ಅಂಟಿಕೊಂಡಿತ್ತು. ಏರಿರಲಿ ಇಳಿಜಾರಿರಲಿ, ಹಿಂದೆ ನಾಯಿ ಬರುತ್ತಿರಲಿ, ಒಂದೇ ವೇಗ. ಅವಳು ಅದಕ್ಕೆ ಹೆಜ್ಜೆ ಕೂಡಿಸಿದಳು. ಅರ್ಧ ದಾರಿಗೆ ಗಡಿಯಾರ ನೋಡಿದರು: ನೂರ ನಾಲ್ಕು. ತುದಿಗೆ ಹೋಗಿ ನೋಡಿದರು: ನೂರ ನಾಲ್ಕು. ಕೆಳಗಿಳಿಯುವಾಗಲೂ ನೂರ ನಾಲ್ಕು.

"ನೋಡೇ, ಎಷ್ಟು ಶಿಸ್ತು! ಹೊಲಿಗೆ ಹಾಕಿದ ಹಾಗಿದೆ ನಿನ್ನ ಎದೆ" ಎಂದರು ಮಾಸ್ಟರು.

"ಯಾರ ಕೈಹಿಡಿದವಳು?" ಎಂದಳು ಅವಳು. ಸ್ವಲ್ಪ ಏದುತ್ತಿದ್ದಳು. ಏರು ಹತ್ತಿದವರು ಏದುತ್ತಾರೆ, ಅದರಲ್ಲೇನು.

ನಲವತ್ತು ದಿನ ಹೀಗೇ ನಡೆಯಿತು. ಆ ನಲವತ್ತು ದಿನಗಳಲ್ಲಿ ಅವರಿಬ್ಬರು ಆಡಿದ ಮಾತು ಹಿಂದಿನ ಮೂವತ್ತೆರಡು ವರ್ಷದ್ದಕ್ಕಿಂತ ಜಾಸ್ತಿ. ಇದು ಬೀಗದವನ ಲೆಕ್ಕವಲ್ಲ, ನಿಜವಾದ ಲೆಕ್ಕ. ಮಾಸ್ಟರಿಗೆ ಅವಳ ಮೈಯಳತೆಯೆಲ್ಲ ಬಾಯಿಪಾಠವಿತ್ತು, ಆದರೆ ಅವಳಿಗೆ ಈಜು ಬರುತ್ತದೆಂದು ಗೊತ್ತಾದದ್ದು ಎರಡನೇ ತಿರುವಿನ ಬೆಂಚಿನ ಮೇಲೆ. ಅವಳಕ್ಕ ಸಾಯುವ ಮೊದಲು ಇವಳ ಜೊತೆ ಮಾತು ಬಿಟ್ಟಿದ್ದು ಯಾಕೆಂದು ಗೊತ್ತಾದದ್ದೂ ಅಲ್ಲೇ. "ಇಷ್ಟು ದಿನ ಯಾಕೆ ಹೇಳ್ಲಿಲ್ಲ?" ಎಂದು ಕೇಳಿದರು. "ಹೇಳಿದ್ದೆ. ನನ್ನ ಸವತಿ ಗಟ್ಟಿಯಾಗಿ ಮಾತಾಡ್ತಿದ್ಲು" ಎಂದಳು.

ಮಧ್ಯಾಹ್ನ ಅಂಗಡಿಯಲ್ಲಿ ಕೂತಿದ್ದಾಗ ತಾರಸಿಯ ಮೆಟ್ಟಿಲ ಮೇಲೆ ಅವಳ ಹೆಜ್ಜೆ ಕೇಳುತ್ತಿತ್ತು. ಹತ್ತುತ್ತಿದ್ದಳು, ನಿಲ್ಲುತ್ತಿದ್ದಳು, ಇಳಿಯುತ್ತಿದ್ದಳು. ಬಟ್ಟೆ ಒಣಹಾಕುತ್ತಿದ್ದಾಳೆ ಎಂದುಕೊಳ್ಳುತ್ತಿದ್ದರು.

ನಲವತ್ತೊಂದನೇ ದಿನ ಎರಡನೇ ತಿರುವಿನಲ್ಲಿ ಅವಳು, "ಒಂದ್ನಿಮಿಷ ಕೂತ್ಕೋತೀನ್ರಿ" ಎಂದಳು. ಕೂತಳು. ಮಾಸ್ಟರು ಗಡಿಯಾರ ನೋಡಿದರು. ಅಂಕಿ ಇರಲಿಲ್ಲ, ಎರಡು ಅಡ್ಡಗೆರೆ ಇದ್ದವು. "ಥೂ ಇದರ, ಕೈಕೊಡ್ತಲ್ಲ" ಎಂದು ಗಡಿಯಾರವನ್ನು ತಟ್ಟಿದರು. ಒತ್ತಿದರು. ಅವಳ ಕೈ ಎತ್ತಿ, ಪಟ್ಟಿ ಸರಿಸಿ, ಹಸಿರು ದೀಪ ಉರಿಯುತ್ತಿದೆಯೇ ಎಂದು ಬಗ್ಗಿ ನೋಡಿದರು. ಉರಿಯುತ್ತಿತ್ತು. ಅಂಗಿಯ ತುದಿಯಿಂದ ಗಾಜು ಒರೆಸಿದರು. ಇಷ್ಟೆಲ್ಲ ಮಾಡಿ ತಲೆಯೆತ್ತಿ ಅವಳ ಮುಖ ನೋಡುವಷ್ಟರಲ್ಲಿ, ನೋಡಬೇಕಾದ ಹೊತ್ತು ಮುಗಿದಿತ್ತು.

ಎಲ್ಲ ಮುಗಿದು, ಬಂದವರೆಲ್ಲ ಹೋದ ಮೇಲೆ ಮಾಸ್ಟರು ಆ ಪಟ್ಟಿಯೊಳಗೆ ಮಡಚಿಟ್ಟಿದ್ದ ಬಟ್ಟೆ ಬಿಚ್ಚಿ, ತಮ್ಮ ಮಣಿಕಟ್ಟಿಗೆ ಸರಿಯಾಗಿ ದೊಡ್ಡದು ಮಾಡಿಕೊಂಡರು. ಎರಡು ಬೆರಳು ಬಿಟ್ಟೇ ಮಾಡಿಕೊಂಡರು. ಬೆಳಿಗ್ಗೆ ಆರಕ್ಕೆ ಗುಡ್ಡೆ ಹತ್ತಿ ನೋಡಿದರೆ, ನೂರ ನಾಲ್ಕು.

ಅಂಗಡಿಗೆ ಬಂದವರೇ ಬೀಗದವನ ಮುಂದೆ ಕೈ ಚಾಚಿದರು. "ನೋಡೋ. ಅವಳದೇ ಅಂಕಿ. ಒಂದು ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ. ಅವಳೆಲ್ಲೂ ಹೋಗಿಲ್ಲ ಕಣೋ, ಇದರೊಳಗಿದಾಳೆ."

ಬೀಗದವನು ನಾಲಗೆಯ ತುದಿಗೆ ಬಂದದ್ದನ್ನು ನುಂಗಿದ. ಅವನೂ ಮನುಷ್ಯನೇ. "ಹೌದು ಮಾಸ್ಟ್ರೇ, ಇದ್ರೂ ಇರ್ಬೋದು" ಎಂದ. ಆಮೇಲೆ ಅವರ ಮಗಳಿಗೆ ಫೋನು ಮಾಡಿದ.

ಮಗಳು ಬಂದು, "ಅಪ್ಪಾ, ನಿಮ್ಮ ಎದೇನೂ ಒಂದ್ಸಲ ತೋರಿಸ್ಬೇಕು, ನಡೀರಿ" ಎಂದು ಅದೇ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅದೇ ವ್ಯಾಯಾಮದ ಮೇಡಂ. ಮಾಸ್ಟರ ಎದೆಗೆ ಒಂದು ಪಟ್ಟಿ ಬಿಗಿದು, ಓಡುವ ಮಷೀನಿನ ಮೇಲೆ ಹತ್ತಿಸಿದರು. ಗೋಡೆಯ ಪರದೆಯ ಮೇಲೆ ಎದೆಪಟ್ಟಿಯ ಅಂಕಿ ನೂರ ಮೂವತ್ತೊಂದು ಎಂದಿತು. ಮಾಸ್ಟರ ಕೈಗಡಿಯಾರ ನೂರ ನಾಲ್ಕು ಎಂದಿತು.

"ನಿಮ್ಮ ಪರದೆ ಕೆಟ್ಟಿದೆ ಮೇಡಂ" ಎಂದರು ಮಾಸ್ಟರು.

ಮೇಡಂ ಮಷೀನು ನಿಲ್ಲಿಸಿ ಅವರ ಕೈ ಹಿಡಿದು ನೋಡಿದರು. "ಇಷ್ಟು ಸಡಿಲ ಯಾರು ಕಟ್ಟಿದ್ದು? ದೀಪ ಚರ್ಮಕ್ಕೆ ಅಂಟಿಕೊಂಡಿರ್ಬೇಕು. ಸಡಿಲ ಇದ್ರೆ ಕೈ ಬೀಸಿದ ಹಾಗೆಲ್ಲ ಇದೂ ಅಲ್ಲಾಡುತ್ತೆ. ಆಗ ಇದು ಬಡಿತ ಎಣಿಸಲ್ಲ, ನಿಮ್ಮ ಹೆಜ್ಜೆ ಎಣಿಸುತ್ತೆ. ನೀವು ನಿಮಿಷಕ್ಕೆ ನೂರ ನಾಲ್ಕು ಹೆಜ್ಜೆ ಹಾಕ್ತಿದೀರಿ, ಅಷ್ಟೇ."

"ನೀವೇ ಹೇಳಿದ್ರಲ್ಲ ಮೇಡಂ. ಎರಡು ಬೆರಳು ಬಿಟ್ಟು ಕಟ್ಟಿ ಅಂತ."

"ಮೂಳೆಯಿಂದ ಎರಡು ಬೆರಳು ಬಿಟ್ಟು, ಮೇಲಕ್ಕೆ" ಎಂದ ಮೇಡಂ ತಮ್ಮ ಗಂಟುಮೂಳೆ ಮುಟ್ಟಿ ತೋರಿಸಿದರು. "ಮೂಳೆಯಿಂದ ಮೇಲಕ್ಕೆ ಎರಡು ಬೆರಳು ಬಿಟ್ಟು, ಬಿಗಿಯಾಗಿ." ಹೇಳುತ್ತ ಹೇಳುತ್ತ ಅವರ ದನಿ ಇಳಿಯಿತು. ಅಂದು ಇಷ್ಟು ಉದ್ದ ಹೇಳಿರಲಿಲ್ಲವೆಂದು ಅವರಿಗೂ ನೆನಪಾಗಿರಬೇಕು.

ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎನ್ನುತ್ತಾರೆ. ಅದಕ್ಕೆ ದೊಡ್ಡ ಮಾತೇ ಬೇಕೆಂದಿಲ್ಲ. 'ಬಿಟ್ಟು' ಎನ್ನುವ ಎರಡಕ್ಷರ ಸಾಕಾಯಿತು.

"ಹಾಗಾದ್ರೆ ಅವಳದು?" ಎಂದು ಕೇಳಿದರು ಮಾಸ್ಟರು.

"ಅದೂ ಹೆಜ್ಜೇನೇ ಇರ್ಬೇಕು." ಮೇಡಂ ಸುಳ್ಳು ಹೇಳಲಿಲ್ಲ. "ಅದರಿಂದಲೇ ಹೀಗಾಯ್ತು ಅಂತ ನಾನು ಹೇಳಲ್ಲ, ಯಾರೂ ಹೇಳೋಕಾಗಲ್ಲ. ಮನೇಲಿ ಕೂತಿದ್ರೂ ಆಗ್ಬಹುದಿತ್ತು. ಆದರೆ ಸರಿಯಾದ ಅಂಕಿ ಕಂಡಿದ್ರೆ ಗುಡ್ಡೆ ನಿಲ್ಲಿಸಿ ಅಂತಿದ್ದೆ."

ಆ ವಾರ ಮಾಸ್ಟರು ಹೊಲಿದ ಬಟ್ಟೆಯ ಕಥೆಯನ್ನು ಬೀಗದವನೂ ಉತ್ಪ್ರೇಕ್ಷೆ ಮಾಡಲಾರದೆ ಹೋದ. ಕಾವಲುಗಾರನೊಬ್ಬ ಹೊಸ ಸಮವಸ್ತ್ರದಲ್ಲಿ ಸೀನಿದ. ನಾಲ್ಕು ಗುಂಡಿ ಹಾರಿ ಒಂದು ಕನ್ನಡಿಗೆ ಬಡಿಯಿತು. ಬೀಗದವನ ಅಂಗಿಯಂತೂ ಮೈಗೆ ಬಣ್ಣ ಬಳಿದ ಹಾಗಿತ್ತು. ಅವನು ಕೈ ಮೇಲೆತ್ತಿಕೊಂಡೇ ಅಂಗಡಿಗೆ ಬಂದ, ಇಳಿಸಲು ಬರುತ್ತಿರಲಿಲ್ಲ.

"ಮಾಸ್ಟ್ರೇ, ಎರಡು ಬೆರಳು ಎಲ್ಲಿ ಹೋಯ್ತು?"

"ಕೊಂದು ಬಂತು" ಎಂದರು ಮಾಸ್ಟರು, ದಾರ ಕಚ್ಚಿ ತುಂಡು ಮಾಡುತ್ತ.

ಬೀಗದವನು ಕೈ ಮೇಲಿಟ್ಟುಕೊಂಡೇ ಹಿಂದೆ ಸರಿದ. ಬಾಗಿಲನ್ನು ಕಾಲಿನಿಂದ ಅರ್ಧ ಎಳೆದು ಹೊರಟುಹೋದ.

ಮಾಸ್ಟರು ಆ ನೀಲಿ ಪಟ್ಟಿಯನ್ನು ಬಿಚ್ಚಿಹಾಕಬೇಕೆಂದು ತೀರ್ಮಾನಿಸಿದರು. ಎಳೆ ಎಳೆ ಬಿಚ್ಚಿ ಚಿಂದಿ ಬುಟ್ಟಿಗೆ ಹಾಕಬೇಕು. ಮಧ್ಯಾಹ್ನದ ಬೆಳಕಿಗೆ ಮೇಜಿನ ಮೇಲೆ ಹರಡಿ, ಕನ್ನಡಕ ಏರಿಸಿ, ಬ್ಲೇಡು ಹಿಡಿದರು. ಹಿಡಿದ ಕೈ ಹಾಗೇ ನಿಂತಿತು.

ಮಖಮಲ್ಲಿನ ಒಂದು ತುದಿಯಲ್ಲಿ ಸಣ್ಣ ತೂತುಗಳಿದ್ದವು. ಜೋಡಿ ಜೋಡಿ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಚುಚ್ಚಿ ತೆಗೆದು, ಚುಚ್ಚಿ ತೆಗೆದು, ನೂಲು ಸರಿದು ಅಗಲವಾದ ತೂತು. ಪಕ್ಕದಲ್ಲಿ ಬಟ್ಟೆ ಮಡಚಿ ಮಡಚಿ ಮಖಮಲ್ಲಿನ ನವಿರು ಮಲಗಿದ ಗೆರೆ. ಪಿನ್ನು. ಯಾರೋ ಇದನ್ನು ಪಿನ್ನು ಹಾಕಿ ಬಿಗಿಮಾಡುತ್ತಿದ್ದರು. ಒಂದು ಸಲವಲ್ಲ, ಎರಡು ಸಲವಲ್ಲ, ಎಷ್ಟೋ ಸಲ. ಮಾಸ್ಟರು ಟೇಪು ತೆಗೆದು, ದೊಡ್ಡದು ಮಾಡಿದ್ದನ್ನು ಕಳೆದು, ತೂತಿಗೆ ತೂತು ಕೂಡಿಸಿ ಉಳಿದ ಸುತ್ತನ್ನು ಅಳೆದರು. ಸರಿಯಾಗಿ ಐದೂಕಾಲು ಇಂಚು.

ಬಟ್ಟೆಯ ಮೇಲೆ ಬರೆದದ್ದನ್ನು ಓದಲು ಮಾಸ್ಟರಿಗೆ ಕನ್ನಡಕವೂ ಬೇಡ. ಮಗಳಿಗೆ ಫೋನು ಮಾಡಿ, "ಆ ಗಡಿಯಾರ ಹಳೇ ಅಂಕಿ ಎಲ್ಲಾದ್ರೂ ಬರೆದಿಟ್ಕೊಂಡಿರುತ್ತಾ?" ಎಂದು ಕೇಳಿದರು.

ಮಗಳು ಸಂಜೆ ಬಂದಳು. ಅಮ್ಮನ ಫೋನು ತಂದಿದ್ದಳು. ಕುರ್ಚಿ ಎಳೆದುಕೊಂಡು ಕೂತು ಅದರಲ್ಲಿ ಹಳೆಯ ಅಂಕಿಗಳನ್ನು ತೆರೆದಳು. ಆಮೇಲೆ ತೋರಿಸಿದಳು. ಬೆಳಿಗ್ಗೆ ಆರರಿಂದ ಏಳು: ನೂರ ನಾಲ್ಕು, ನೂರ ನಾಲ್ಕು, ನೂರ ನಾಲ್ಕು. ಮಧ್ಯಾಹ್ನ ಮೂರು: ನೂರ ಮೂವತ್ತೆಂಟು. ಮಾರನೆಯ ಮಧ್ಯಾಹ್ನ: ನೂರ ನಲವತ್ತೆರಡು. ಮೂರನೆಯ ದಿನ: ನೂರ ನಲವತ್ತು.

"ನಾನು ಕೇಳಿದ್ದೆ ಅಪ್ಪಾ. ಇದೇನಮ್ಮಾ ಮಧ್ಯಾಹ್ನ ಇಷ್ಟೊಂದು ಅಂತ. ಬಕೆಟ್ ಎತ್ತಿದೆ ಕಣೇ ಅಂದ್ಲು. ನಾನು ನಂಬ್ದೆ." ಮಗಳು ಫೋನನ್ನು ಮಗುಚಿಟ್ಟಳು. "ದಿನಾ ಔಷಧಿ ಕೊಡೋಳು ನಾನು. ನಂಬ್ಬಿಟ್ಟೆ."

ಮಾಸ್ಟರು ತಲೆಯೆತ್ತಿ ಮೇಲಿನ ಮೆಟ್ಟಿಲ ಕಡೆ ನೋಡಿದರು. ಹತ್ತುವ ಹೆಜ್ಜೆ, ನಿಲ್ಲುವ ಹೆಜ್ಜೆ, ಇಳಿಯುವ ಹೆಜ್ಜೆ. ಬಟ್ಟೆ ಒಣಹಾಕುತ್ತಿರಲಿಲ್ಲ. ಅಂಕಿಯ ಮೇಲೆ ಅನುಮಾನ ಬಂದು, ಮೇಡಂ ಹೇಳಿದ ಹಾಗೆ ಎರಡು ಬೆರಳಿಟ್ಟು ತಾನೇ ಎಣಿಸಿ ನೋಡಿರಬೇಕು. ಪಿನ್ನು ಬಿಗಿದು, ತಾರಸಿಯ ಮೆಟ್ಟಿಲು ಹತ್ತಿ, ನಿಜವಾದ ಅಂಕಿ ನೋಡಿಕೊಳ್ಳುತ್ತಿದ್ದಳು. ಸಂಜೆ ಪಿನ್ನು ತೆಗೆಯುತ್ತಿದ್ದಳು. ಬೆಳಿಗ್ಗೆ ಎರಡು ಬೆರಳು ಸಡಿಲ ಕಟ್ಟಿಕೊಂಡು, ಗಂಡನ ಜೊತೆ ನೂರ ನಾಲ್ಕು ಹಾಕುತ್ತಿದ್ದಳು. ನಿಜ ಹೇಳಿದ್ದರೆ ಆಸ್ಪತ್ರೆಯ ವ್ಯಾಯಾಮದ ಹಾಲ್. ಜೊತೆಯವರು ಹೊರಗೆ. ಜೊತೆಯವರು ಹೊರಗೆ ಎಂದರೆ, ಜೊತೆಯವರು ಮಷೀನಿನ ಮುಂದೆ.

"ಕಳ್ಳಿ" ಎಂದರು ಮಾಸ್ಟರು. ಬೈದದ್ದು ನಿಜವಾದ ಸಿಟ್ಟಿನಲ್ಲೇ. "ಬಾಯ್ಬಿಟ್ಟು ಹೇಳ್ಬೇಕಿತ್ತು ಕಳ್ಳಿ. ಹೇಳಿದ್ರೆ ಆ ಹಾಲ್ ಬಾಗಿಲಲ್ಲೇ ಸ್ಟೂಲ್ ಹಾಕ್ಕೊಂಡು ಕೂರ್ತಿದ್ದೆ."

"ಕೂರ್ತಿದ್ರಾ ಅಪ್ಪಾ?" ಎಂದು ಕೇಳಿದಳು ಮಗಳು. ಚುಚ್ಚಲು ಕೇಳಿದ್ದಲ್ಲ.

ಮಾಸ್ಟರು ಬಹಳ ಹೊತ್ತು ಯೋಚಿಸಿದರು. ಗಿರಾಕಿಗೆ ಯಾವ ದಿನ ಕೊಡುತ್ತೇನೆಂದು ಹೇಳುವಾಗಲೂ ಅಷ್ಟು ಪ್ರಾಮಾಣಿಕವಾಗಿ ಯೋಚಿಸಿದವರಲ್ಲ. ಬ್ಲೇಡನ್ನು ಡಬ್ಬಿಗೆ ಹಾಕಿದರು. ಬಿಚ್ಚಿದ್ದ ಬಟ್ಟೆಯನ್ನು ಮತ್ತೆ ಒಳಗೆ ಮಡಚಿ, ಸೂಜಿದಿಂಬಿನಿಂದ ಒಂದು ಪಿನ್ನು ಕಿತ್ತು, ಆ ಹಳೆಯ ತೂತುಗಳಲ್ಲೇ ತೂರಿಸಿ, ಪಟ್ಟಿಯನ್ನು ಐದೂಕಾಲು ಇಂಚಿಗೆ ಮುಚ್ಚಿದರು. ಇನ್ನು ಅದು ಯಾರ ಕೈಗೂ ಆಗುವ ಹಾಗಿರಲಿಲ್ಲ. ಮಷೀನಿನ ಡ್ರಾಯರಿನಲ್ಲಿಟ್ಟರು, ಸವತಿಯ ಹತ್ತಿರ.

ಮಾರನೆಯ ಬೆಳಿಗ್ಗೆ ಆರಕ್ಕೆ ಮಗಳೂ ಜೊತೆಗೆ ಹೊರಟಳು. ಇಬ್ಬರ ಕೈಯಲ್ಲೂ ಗಡಿಯಾರವಿರಲಿಲ್ಲ. ಹೆಜ್ಜೆ ಕೂಡಲಿಲ್ಲ, ಮಗಳದು ಉದ್ದ ಕಾಲು, ಮುಂದೆ ಹೋಗಿ ನಿಂತು ಕಾಯುತ್ತಿದ್ದಳು. ಮೊದಲ ತಿರುವಿನಲ್ಲಿ ಮಾಸ್ಟರು, "ನಿಮ್ಮಮ್ಮನಿಗೆ ಈಜು ಬರ್ತಿತ್ತು, ಗೊತ್ತಾ?" ಎಂದರು. ಮಗಳಿಗೆ ಗೊತ್ತಿತ್ತು. ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು.

ಎರಡನೇ ತಿರುವಿನಲ್ಲಿ ಬೆಂಚು. ಮಾಸ್ಟರು ಅದರ ಮುಂದೆ ಸ್ವಲ್ಪ ಹೊತ್ತು ನಿಂತು, ಒಂದು ತುದಿಯಲ್ಲಿ ಕೂತರು. ಮಗಳು ಪಕ್ಕದಲ್ಲಿ ಕೂತಳು, ಏದುತ್ತಿದ್ದಳು. ಏರು ಹತ್ತಿದವರು ಏದುತ್ತಾರೆ. ಆದರೂ ಮಾಸ್ಟರು ಈ ಸಲ ಮೊದಲು ಅವಳ ಮುಖ ನೋಡಿದರು. ಆಮೇಲೆ ಅವಳ ಕೈ ಎಳೆದು ತೊಡೆಯ ಮೇಲಿಟ್ಟುಕೊಂಡು, ಗಂಟುಮೂಳೆಯ ಹತ್ತಿರ ಎರಡು ಬೆರಳಿಟ್ಟು, ಒತ್ತಿ ಹಿಡಿದರು.

"ಏನಪ್ಪಾ, ನಂಗೇನಾಗಿದೆ?"

"ಸುಮ್ನಿರು. ಎಣಿಸ್ತಿದೀನಿ."

"ಹದಿನೈದು ಸೆಕೆಂಡಾಯ್ತು ಅಪ್ಪಾ. ಬಿಡಿ."

ಮಾಸ್ಟರು ಬಿಡಲಿಲ್ಲ.